ಕರಿ ಇಲಿ, ಬಿಳಿ ಇಲಿ ಮತ್ತು ಶೀತಲಾ ಮಾತೆ

ಹೋಳಿ ಕಳೆದ ಎಂಟನೆಯ ದಿನ ಗುರುಗ್ರಾಮದ ಹಳೆಯ ಮೊಹಲ್ಲಾಗಳ ಅನೇಕ ಮನೆಗಳಲ್ಲಿ ಒಲೆ ಹಚ್ಚುವುದಿಲ್ಲ. ಹಿಂದಿನ ರಾತ್ರಿಯೇ ಮಾಡಿಟ್ಟ ಸಿಹಿಯನ್ನ, ಕಢಿ, ಪೂರಿ, ಬೆಲ್ಲದ ಗುಲ್‌ಗುಲೆಗಳನ್ನು ತಣ್ಣಗಿದ್ದಂತೆಯೇ ದೇವಿಗೆ ಒಪ್ಪಿಸಿ, ಮನೆಮಂದಿಯೂ ಅದನ್ನೇ ತಿನ್ನುತ್ತಾರೆ. ಹಬ್ಬದ ಹೆಸರು ಬಸೋಡಾ. ಉತ್ತರದವರ ಲೆಕ್ಕದಲ್ಲಿ ಆಗಲೇ ಚೈತ್ರ ಬಂದಿರುತ್ತದೆ, ನಮ್ಮ ಪಂಚಾಂಗದಲ್ಲಿ ಇನ್ನೂ ಫಾಲ್ಗುಣ ಬಹುಳ. ಗಾಜಿನ ಗೋಪುರಗಳಂಥ ಕಂಪನಿ ಕಟ್ಟಡಗಳಿಗೆ ಹೆಸರಾದ ಈ ಊರಿನ ಶೀತಲಾ ಮಾತಾ ಮಂದಿರದ ಮುಂದೆ ಅಂದು ಕಾಲಿಡಲು ಜಾಗವಿರುವುದಿಲ್ಲ. ಕಂಕುಳಲ್ಲಿ ಕೂಸು, ಕೈಯಲ್ಲಿ ತಣ್ಣನೆಯ ನೈವೇದ್ಯದ ತಟ್ಟೆ. ಮಗುವಿನ ಚೌಲ ಮಾಡಿಸಲೆಂದೇ ದೂರದ ಹಳ್ಳಿಗಳಿಂದ ಬಂದವರು ಬೇರೆ.

ಈ ದೇವಿ ದ್ರೋಣಾಚಾರ್ಯರ ಹೆಂಡತಿ ಕೃಪಿಯೇ ಎಂಬುದು ಸ್ಥಳದ ನಂಬಿಕೆ. ಮೊದಲು ದೆಹಲಿಯ ಕೇಶೋಪುರದಲ್ಲಿದ್ದವಳು ಗುರುಗ್ರಾಮದ ಭಕ್ತನ ಕನಸಿಗೆ ಬಂದು ಇಲ್ಲಿಗೆ ನಡೆದಳೆಂದೂ ಹೇಳುತ್ತಾರೆ. ದೇವಸ್ಥಾನ ನಡೆಸಲು ಹರಿಯಾಣ ಸರ್ಕಾರ 1991ರಲ್ಲಿ ಕಾನೂನನ್ನೇ ಮಾಡಿದೆ. ಕತ್ತೆಯ ಮೇಲೆ ಕೂತು, ಒಂದು ಕೈಯಲ್ಲಿ ಪೊರಕೆ, ಇನ್ನೊಂದರಲ್ಲಿ ನೀರಿನ ಕೊಡ, ತಲೆಯ ಮೇಲೆ ಮೊರ, ಜೊತೆಗೆ ಬೇವಿನ ಸೊಪ್ಪು: ಉತ್ತರ ಭಾರತದ ಪಟಗಳಲ್ಲಿ ಶೀತಲೆ ಇರುವುದು ಹೀಗೆ. ಅವಳ ಕೆಲಸ ಒಂದು ಕಾಲಕ್ಕೆ ಸ್ಪಷ್ಟವಿತ್ತು. ಅವಳು ಸಿಡುಬಿನ ದೇವಿ. ಮೈಮೇಲೆ ಗುಳ್ಳೆ ಎದ್ದರೆ ‘ಮಾತಾ ನಿಕಲ್ ಆಯೀ’ ಎಂದು ಇಲ್ಲಿನವರು ಅಂದಂತೆ ನಮ್ಮಲ್ಲಿ ‘ಅಮ್ಮ ಬಂದಿದ್ದಾಳೆ’ ಅನ್ನುತ್ತಿದ್ದರು. ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಬೇಕು, ಹೊರಗಿನವರು ಒಳಗೆ ಬರಬಾರದು. ಬಸೋಡಾದ ತಣ್ಣನೆಯ ಊಟಕ್ಕೂ ಒಗ್ಗರಣೆಯಿಲ್ಲದ ಸಾರಿಗೂ ನಡುವೆ ಎರಡು ಸಾವಿರ ಕಿಲೋಮೀಟರು ಇದ್ದರೂ ಎರಡೂ ದೇವಿಯನ್ನು ತಣಿಸುವ ಅಡುಗೆಗಳೇ.

ಸಿಡುಬು ಹೋಗಿ ಐವತ್ತು ವರ್ಷವಾಯಿತು. ಜನಸಂದಣಿ ಹೋಗಿಲ್ಲ. ಅದನ್ನು ನೋಡಿ ನಗುವವರಿದ್ದಾರೆ. ಆದರೆ ಆ ಸಾಲಿನಲ್ಲಿ ನಿಂತ ತಾಯಿಯ ಮನಸ್ಸಿನಲ್ಲಿರುವ ಪ್ರಶ್ನೆ ಹಾಗೆ ನಕ್ಕು ತಳ್ಳುವಂಥದ್ದಲ್ಲ. ಒಂದೇ ಮನೆಯಲ್ಲಿ ಒಂದೇ ಚಾಪೆಯ ಮೇಲೆ ಮಲಗಿದ ಇಬ್ಬರು ಮಕ್ಕಳಲ್ಲಿ ಒಬ್ಬ ಸಾಯುತ್ತಿದ್ದ, ಇನ್ನೊಬ್ಬ ಮುಖದ ತುಂಬ ಕಲೆ ಹೊತ್ತು ಬದುಕುತ್ತಿದ್ದ. ಯಾಕೆ ಇವನು, ಯಾಕೆ ಅವನಲ್ಲ? ಇದಕ್ಕೆ ಧರ್ಮಗಳು ಕರ್ಮ ಅಂದವು, ದೈವೇಚ್ಛೆ ಅಂದವು, ಪರೀಕ್ಷೆ ಅಂದವು. ಇಪ್ಪತ್ತನೆಯ ಶತಮಾನದಲ್ಲಿ ಅದೇ ಪ್ರಶ್ನೆಯನ್ನು ಕೆಲವರು ಇಲಿಗಳ ಮುಂದಿಟ್ಟರು. ಅಲ್ಲಿ ಸಿಕ್ಕ ಉತ್ತರ ಧರ್ಮಶಾಸ್ತ್ರಿಗಳೂ ಕೂತು ಯೋಚಿಸಬೇಕಾದಂಥದ್ದು.

ಇಲಿಗೂ ಒಂದು ಸಿಡುಬಿದೆ. 1930ರಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನ ಪ್ರಯೋಗಾಲಯದಲ್ಲಿ ಇಲಿಗಳ ಕಾಲು ಕೊಳೆತು ಉದುರತೊಡಗಿದಾಗ ಮಾರ್ಷಲ್ ಎಂಬ ವಿಜ್ಞಾನಿ ಅದನ್ನು ಗುರುತಿಸಿದರು. ಅದರ ವೈರಸ್ಸಿಗೆ ಎಕ್ಟ್ರೊಮೀಲಿಯಾ ಎಂದು ಹೆಸರು. ಸಿಡುಬು, ಮಂಕಿಪಾಕ್ಸ್, ಗೋಸಿಡುಬುಗಳ ವೈರಸ್ಸುಗಳೆಲ್ಲ ಇದರ ದಾಯಾದಿಗಳು. 1946ರಿಂದ ಮೆಲ್ಬರ್ನಿನಲ್ಲಿ ಫ್ರಾಂಕ್ ಫೆನರ್ ಇದರ ಬೆನ್ನು ಬಿದ್ದರು. ಕಾಲಿನ ಚರ್ಮದ ಸಣ್ಣ ಗೀರಿನಿಂದ ಒಳಹೊಕ್ಕ ವೈರಸ್ಸು ಹತ್ತಿರದ ದುಗ್ಧಗ್ರಂಥಿಗೆ, ಅಲ್ಲಿಂದ ರಕ್ತಕ್ಕೆ, ರಕ್ತದಿಂದ ಲಿವರಿಗೆ ಮತ್ತು ಗುಲ್ಮಕ್ಕೆ, ಕೊನೆಗೆ ಮತ್ತೆ ಚರ್ಮಕ್ಕೆ ಹೋಗುವ ದಾರಿಯನ್ನು ಅವರು ದಿನದಿನದ ಲೆಕ್ಕದಲ್ಲಿ ಬರೆದಿಟ್ಟರು. ಮನುಷ್ಯನಲ್ಲಿ ಸಿಡುಬಿನ ಸೋಂಕು ತಗುಲಿದ ಮೇಲೆ ಗುಳ್ಳೆ ಏಳಲು ಸುಮಾರು ಎರಡು ವಾರ ಏಕೆ ಬೇಕು ಎಂಬುದು ವೈದ್ಯರಿಗೆ ಅರ್ಥವಾದದ್ದು ಬಹಳ ಮಟ್ಟಿಗೆ ಈ ಇಲಿಗಳಿಂದ.

ಕತೆಯ ತಿರುಳು ಎರಡು ತಳಿಗಳಲ್ಲಿದೆ. ಒಂದು ಬಿಳಿ ಇಲಿ, ಬಾಲ್ಬ್-ಸಿ. ಇನ್ನೊಂದು ಕರಿ ಇಲಿ, ಸಿ57 ಬ್ಲ್ಯಾಕ್ 6. ಬಣ್ಣಕ್ಕೂ ರೋಗಕ್ಕೂ ಸಂಬಂಧವಿಲ್ಲ, ಗುರುತಿಗೆ ಮಾತ್ರ ಬಣ್ಣ. ಒಂದೇ ಕೋಣೆ, ಒಂದೇ ಕಾಳು, ಒಂದೇ ನೀರು. ಇಬ್ಬರ ಹಿಂಗಾಲಿನ ಅಂಗಾಲಿಗೂ ಅದೇ ವೈರಸ್ಸನ್ನು ಚುಚ್ಚುತ್ತಾರೆ. ಬಿಳಿ ಇಲಿಯನ್ನು ಕೊಲ್ಲಲು ಬೆರಳೆಣಿಕೆಯ ಕಣಗಳು ಸಾಕು. ಎಂಟು ಹತ್ತು ದಿನದಲ್ಲಿ ಅದರ ಲಿವರ್ ಕರಗಿಹೋಗುತ್ತದೆ, ಮೈಮೇಲೆ ಗುಳ್ಳೆ ಏಳುವಷ್ಟೂ ಪುರಸೊತ್ತು ಸಿಗದೆ ಸಾಯುತ್ತದೆ. ಕರಿ ಇಲಿಗೆ ಅದರ ಲಕ್ಷ ಪಟ್ಟು ಕೊಟ್ಟರೂ ಕಾಲು ಒಂದಿಷ್ಟು ಊದಿ ಇಳಿಯುತ್ತದೆ, ಅಷ್ಟೇ.

ಲಸಿಕೆ ಹಾಕಿರಲಿಲ್ಲ, ಹಿಂದೆ ಸೋಂಕು ಬಂದಿರಲಿಲ್ಲ. ಹಾಗಾದರೆ ಕರಿ ಇಲಿಯನ್ನು ಕಾಪಾಡಿದ್ದು ಯಾವುದು? ಪ್ರತಿಕಾಯಗಳು ಎಂದು ಶಾಲೆಯಲ್ಲಿ ಕಲಿತ ಉತ್ತರ ಇಲ್ಲಿ ತಡವಾಗಿ ಬರುತ್ತದೆ. ಪ್ರತಿಕಾಯಗಳೂ ಟಿ ಕೋಶಗಳೂ ಶತ್ರುವಿನ ಗುರುತು ಹಿಡಿದು, ಸಂಖ್ಯೆ ಹೆಚ್ಚಿಸಿಕೊಂಡು ಸಜ್ಜಾಗಲು ಕೆಲವು ದಿನ ಹಿಡಿಯುತ್ತದೆ. ಬಿಳಿ ಇಲಿಯ ಹಣೆಬರಹ ತೀರ್ಮಾನವಾಗುವುದು ಅದಕ್ಕೂ ಮುಂಚೆ. ದಂಡು ಬರುವವರೆಗೆ ಊರಬಾಗಿಲು ಕಾಯುವ ತಳವಾರರ ಹಾಗೆ ದೇಹದಲ್ಲಿ ಹುಟ್ಟಿನಿಂದಲೇ ಕೆಲವು ಕೋಶಗಳಿವೆ. ಮ್ಯಾಕ್ರೋಫೇಜ್, ಡೆಂಡ್ರೈಟಿಕ್ ಕೋಶ, ಮಾನೊಸೈಟ್, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಇಲ್ಲಿ ನ್ಯಾಚುರಲ್ ಕಿಲ್ಲರ್ ಅಥವಾ ಎನ್‌ಕೆ ಕೋಶ. ಇವು ಯಾರ ಬಳಿಯೂ ಪಾಠ ಕಲಿತು ಬಂದವಲ್ಲ. ಸೋಂಕಿತ ಕೋಶದ ಮೇಲ್ಮೈಯಲ್ಲಿ ಏನೋ ಸರಿಯಿಲ್ಲವೆಂದು ಕಂಡರೆ ಅಲ್ಲೇ ಅದನ್ನು ಕೊಂದುಹಾಕುತ್ತವೆ, ಗಾಮಾ ಇಂಟರ್‌ಫೆರಾನ್ ಎಂಬ ರಸ ಸುರಿಸಿ ಅಕ್ಕಪಕ್ಕದವರನ್ನೂ ಎಚ್ಚರಿಸುತ್ತವೆ. ಎನ್‌ಕೆ ಕೋಶಗಳನ್ನು ಸ್ವೀಡನ್ನಿನ ಸಂಶೋಧಕರು ಗುರುತಿಸಿ ಹೆಸರಿಟ್ಟದ್ದು 1975ರಲ್ಲಿ. ಭಾರತದ ಕೊನೆಯ ಸಿಡುಬು ರೋಗಿ ಸಿಕ್ಕಿದ್ದೂ ಅದೇ ವರ್ಷ. ಬರೀ ಕಾಕತಾಳೀಯ, ಆದರೂ ಹೇಳದೆ ಬಿಡಲಾಗದು.

ಪುರಾವೆ ಹೀಗೆ ಬಂತು. ಕರಿ ಇಲಿಯ ಎನ್‌ಕೆ ಕೋಶಗಳನ್ನು ಔಷಧಿ ಕೊಟ್ಟು ಇಲ್ಲವಾಗಿಸಿದಾಗ ಅದೂ ಬಿಳಿ ಇಲಿಯಂತೆಯೇ ಸತ್ತಿತು. ಮ್ಯಾಕ್ರೋಫೇಜ್‌ಗಳನ್ನು ತೆಗೆದಾಗಲೂ ಹಾಗೆಯೇ. 1995ರಲ್ಲಿ ತಳಿಗಳನ್ನು ಕೂಡಿಸಿ ನೋಡಿದಾಗ ಇಲಿಯ ಆರನೆಯ ಕ್ರೋಮೋಸೋಮಿನಲ್ಲಿ, ಎನ್‌ಕೆ ಕೋಶಗಳ ಜೀನುಗಳು ಗುಂಪಾಗಿರುವಲ್ಲೇ ಈ ತಾಳಿಕೆಯ ಒಂದು ಬೇರು ಸಿಕ್ಕಿತು. 2011ರಲ್ಲಿ ಫಿಲಡೆಲ್ಫಿಯಾದ ಲೂಯಿಸ್ ಸಿಗಾಲ್ ತಂಡ ಸಿಡಿ94 ಎಂಬ ಒಂದೇ ಒಂದು ಪ್ರೋಟೀನು ಇಲ್ಲದ ಕರಿ ಇಲಿಗಳನ್ನು ಪರೀಕ್ಷೆಗಿಟ್ಟಿತು. ಎನ್‌ಕೆ ಕೋಶದ ಮೇಲಿರುವ ಈ ಪ್ರೋಟೀನು ಸೋಂಕಿತ ಕೋಶವನ್ನು ಗುರುತಿಸುವುದಕ್ಕೆ ಬೇಕು. ಅದಿಲ್ಲದ ಇಲಿಗಳು ಉಳಿಯಲಿಲ್ಲ.

ಇಲ್ಲಿಗೆ ಬಂದಾಗ ಒಂದು ಆಸೆ ಹುಟ್ಟುತ್ತದೆ. ಹುಟ್ಟುವಾಗಲೇ ಬರೆದಿಟ್ಟದ್ದು, ತಾನು ಆರಿಸಿಕೊಳ್ಳದೆ ಬಂದದ್ದು, ಮೀರಲಾಗದ್ದು: ಇದನ್ನೇ ಅಲ್ಲವೆ ಹಿರಿಯರು ಪ್ರಾರಬ್ಧ ಅಂದದ್ದು? ಜೀನೇ ಕರ್ಮ, ಕ್ರೋಮೋಸೋಮೇ ಹಣೆ! ಟಿವಿ ಪ್ರವಚನಕ್ಕೆ ಹೇಳಿ ಮಾಡಿಸಿದಂಥ ಹೋಲಿಕೆ. ಕೇಳಿದವರು ತಲೆದೂಗಬಹುದು. ಆದರೆ ಮೂರು ಕಡೆ ಅದು ಮುರಿದು ಬೀಳುತ್ತದೆ.

ಮೊದಲನೆಯದಾಗಿ, ಕರಿ ಇಲಿ ಮುದಿಯಾದರೆ ಅದೇ ಜೀನುಗಳನ್ನು ಇಟ್ಟುಕೊಂಡೇ ಈ ಸೋಂಕಿಗೆ ಸಾಯುತ್ತದೆ. 2010ರಲ್ಲಿ ಅದೇ ಸಿಗಾಲ್ ತಂಡ ತೋರಿಸಿದ್ದು ಇದನ್ನು. ವಯಸ್ಸಾದಂತೆ ಪಕ್ವವಾದ ಎನ್‌ಕೆ ಕೋಶಗಳು ಕಡಿಮೆಯಾಗುತ್ತವೆ, ಇರುವವೂ ಸೋಂಕು ತಗುಲಿದ ಕಾಲಿನ ದುಗ್ಧಗ್ರಂಥಿಗೆ ಸಕಾಲಕ್ಕೆ ಹೋಗಿ ಸೇರುವುದಿಲ್ಲ. ಬರಹ ಅಳಿಸಿಲ್ಲ, ಓದುವವರು ತಡವಾಗಿ ಬಂದರು. ಕೋವಿಡ್ ಕಾಲದಲ್ಲಿ ಅಜ್ಜ ಅಜ್ಜಿಯರನ್ನು ಕಳೆದುಕೊಂಡ ದೆಹಲಿಯ ಮನೆಗಳಿಗೆ ಮುಪ್ಪು ಎಂಬುದೇ ಒಂದು ಕಾರಣವೆಂದು ಬಿಡಿಸಿ ಹೇಳಬೇಕಿಲ್ಲ. ವೈರಸ್ಸು ಬೇರೆ, ಕೋಶಗಳ ಲೆಕ್ಕಾಚಾರವೂ ಬೇರೆ ಇರಬಹುದು, ಆದರೆ ಹುಟ್ಟಿನ ಬಲ ಹುಟ್ಟಿನಂತೆಯೇ ಕೊನೆವರೆಗೂ ಇರುವುದಿಲ್ಲ ಎಂಬುದು ಎರಡೂ ಕಡೆ ನಿಜ.

ಎರಡನೆಯದು 2001ರ ಸುದ್ದಿ. ಆಸ್ಟ್ರೇಲಿಯಾದ ಕ್ಯಾನ್ಬೆರಾದಲ್ಲಿ ರಾನ್ ಜಾಕ್ಸನ್, ಇಯಾನ್ ರಾಮ್‌ಶಾ ಮತ್ತು ಸಂಗಡಿಗರು ಹೊಲಗಳನ್ನು ಹಾಳುಮಾಡುವ ಇಲಿಗಳಿಗೆ ಸಂತಾನಹರಣದ ಲಸಿಕೆ ಮಾಡಲು ಹೊರಟಿದ್ದರು. ಅದಕ್ಕಾಗಿ ಎಕ್ಟ್ರೊಮೀಲಿಯಾ ವೈರಸ್ಸಿಗೆ ಇಲಿಯದೇ ಒಂದು ಜೀನು, ಇಂಟರ್‌ಲ್ಯೂಕಿನ್-4, ಸೇರಿಸಿದರು. ಫಲ ಅವರನ್ನೇ ಬೆಚ್ಚಿಬೀಳಿಸಿತು. ಎನ್‌ಕೆ ಕೋಶಗಳ, ಟಿ ಕೋಶಗಳ ಕೊಲ್ಲುವ ಶಕ್ತಿ ಕುಗ್ಗಿ, ಹುಟ್ಟಿನಿಂದ ತಾಳಿಕೆಯಿದ್ದ ಕರಿ ಇಲಿಗಳೂ ಸತ್ತವು. ಲಸಿಕೆ ಹಾಕಿದ್ದವುಗಳಲ್ಲೂ ಅನೇಕ ಸತ್ತವು. ಇದು ಪ್ರಕಟವಾದಾಗ ಸಿಡುಬನ್ನೂ ಹೀಗೆ ತಿದ್ದಬಹುದೆಂಬ ಭಯ ಜಗತ್ತನ್ನು ಸುತ್ತಿತು. ಇಲ್ಲಿ ಇಲಿಯ ಪ್ರಾರಬ್ಧವನ್ನು ತಿದ್ದಿದ್ದು ಮನುಷ್ಯನ ಕೈ.

ಮೂರನೆಯದು ಇದಕ್ಕಿಂತ ಹಳೆಯದು, ನೈತಿಕವಾಗಿ ಹೆಚ್ಚು ಚುಚ್ಚುವಂಥದ್ದು. ಈ ತಳಿಗಳು ಪ್ರಕೃತಿಯಲ್ಲಿ ಇದ್ದವಲ್ಲ. ಅಮೆರಿಕದ ಮ್ಯಾಸಚುಸೆಟ್ಸ್‌ನಲ್ಲಿ ಶೋಕಿಗೆ ಇಲಿ ಸಾಕಿ ಮಾರುತ್ತಿದ್ದ ಆಬಿ ಲ್ಯಾಥ್ರಾಪ್ ಎಂಬ ಹೆಂಗಸಿನ ಕೊಟ್ಟಿಗೆಯಿಂದ ಬಂದ ಐವತ್ತೇಳನೆಯ ನಂಬರಿನ ಹೆಣ್ಣಿಲಿಯ ಸಂತತಿ ಕರಿ ತಳಿ. ಬಿಳಿಯದಕ್ಕೆ 1913ರಲ್ಲಿ ಹ್ಯಾಲ್ಸೀ ಬ್ಯಾಗ್ ಎಂಬುವರು ಕೊಂಡುತಂದ ಇಲಿಗಳು ಮೂಲ. ಅಣ್ಣ ತಂಗಿಯರನ್ನೇ ಇಪ್ಪತ್ತಕ್ಕೂ ಹೆಚ್ಚು ತಲೆಮಾರು ಕೂಡಿಸಿ, ಒಂದು ಇಲಿಗೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲದಂತೆ ಮಾಡಿದರು. ಬಿಳಿ ಇಲಿಯ ಸಾವಿಗೆ ಪೂರ್ವಜನ್ಮದ ಪಾಪ ಹುಡುಕುವವರಿಗೆ ಪ್ರಯೋಗಾಲಯದ ದಾಖಲೆ ಪುಸ್ತಕ ಸಿಗುತ್ತದೆ. ಪಾಪವೋ ಪುಣ್ಯವೋ, ಅದನ್ನು ಮಾಡಿದವರ ಹೆಸರು ಅಲ್ಲಿದೆ, ಅದು ಇಲಿಯದಲ್ಲ.

ಹಾಗೆ ನೋಡಿದರೆ ನಮ್ಮ ಹಳೆಯ ಗ್ರಂಥಗಳು ಇಂದಿನ ಪ್ರವಚನಕಾರರಷ್ಟು ಅವಸರದವಲ್ಲ. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯ ನಡೆಯುವುದು ಪಾಂಚಾಲದ ರಾಜಧಾನಿ ಕಾಂಪಿಲ್ಯದಲ್ಲಿ, ಗಂಗೆಯ ದಡದಲ್ಲಿ, ಬೇಸಿಗೆಯ ಕೊನೆಯಲ್ಲಿ. ಇಂದಿನ ಉತ್ತರ ಪ್ರದೇಶದ ಫರೂಕಾಬಾದ್ ಜಿಲ್ಲೆಯ ಕಂಪಿಲ್ ಅದು. ಅಲ್ಲಿ ಶಿಷ್ಯ ಅಗ್ನಿವೇಶ ಕೇಳುವ ಪ್ರಶ್ನೆ ಇಲಿ ಪ್ರಯೋಗದ್ದನ್ನು ತಲೆಕೆಳಗು ಮಾಡಿದಂತಿದೆ. ಒಬ್ಬೊಬ್ಬರ ಪ್ರಕೃತಿ ಬೇರೆ, ಆಹಾರ ಬೇರೆ, ವಯಸ್ಸು ಬೇರೆ, ಬಲ ಬೇರೆ. ಹೀಗಿದ್ದೂ ಇಡೀ ನಾಡು ಒಂದೇ ಕಾಲಕ್ಕೆ ಒಂದೇ ರೋಗದಿಂದ ನಾಶವಾಗುವುದು ಹೇಗೆ? ಗುರು ಆತ್ರೇಯ ಹೇಳುವುದು: ಗಾಳಿ, ನೀರು, ನೆಲ, ಕಾಲ ಈ ನಾಲ್ಕೂ ಎಲ್ಲರಿಗೂ ಸಮಾನ, ಅವು ಕೆಟ್ಟಾಗ ಎಲ್ಲರೂ ಕೆಡುತ್ತಾರೆ. ಇದಕ್ಕೆ ಮೂಲ ಅಧರ್ಮ ಎಂದೂ ಅವರು ಹೇಳುತ್ತಾರೆ, ನಿಜ. ಆದರೆ ಆ ಅಧರ್ಮ ನಾಡನ್ನು ಆಳುವ ಮುಖ್ಯರಿಂದ ಶುರುವಾಗಿ ಕೆಳಗಿಳಿಯುವಂಥದ್ದು, ಹಾಸಿಗೆ ಹಿಡಿದ ಕೂಸಿನದಲ್ಲ. ಇನ್ನೂ ಸೊಗಸಾದದ್ದು ಅಧ್ಯಾಯದ ಆರಂಭ. ಕೇಡಿನ ಲಕ್ಷಣ ಕಂಡೊಡನೆ ಗುರು ಶಿಷ್ಯನಿಗೆ ಮೊದಲು ಹೇಳುವುದು ತತ್ವವನ್ನಲ್ಲ. ನೆಲದ ಸಾರ ಹೋಗುವ ಮುನ್ನವೇ ಮೂಲಿಕೆಗಳನ್ನು ಕಿತ್ತು ತಂದಿಡಿ ಅನ್ನುತ್ತಾರೆ! ಆಯುಷ್ಯವೆಲ್ಲ ಮೊದಲೇ ನಿಗದಿಯಾಗಿದ್ದರೆ ಔಷಧ, ಮಂತ್ರ ಯಾವುದೂ ಬೇಕಿರಲಿಲ್ಲ. ಬಲವಾದ ಪುರುಷ ಪ್ರಯತ್ನ ದುರ್ಬಲ ದೈವವನ್ನು ಹೊಡೆದುಹಾಕುತ್ತದೆ ಎಂದೂ ಅದೇ ಅಧ್ಯಾಯದಲ್ಲಿ ವಾದವಿದೆ. ಎಲ್ಲ ದೇಹಗಳೂ ರೋಗವನ್ನು ಒಂದೇ ತೆರ ತಾಳಿಕೊಳ್ಳಲಾರವು ಎಂಬ ಮಾತೂ ಸಂಹಿತೆಯ ಇನ್ನೊಂದೆಡೆ ಬರುತ್ತದೆ.

ಬುದ್ಧ ಇನ್ನೂ ಖಂಡಿತವಾಗಿ ಮಾತಾಡಿದ್ದಾನೆ. ಸಂಯುತ್ತ ನಿಕಾಯದಲ್ಲಿ ಸೀವಕನೆಂಬ ಪರಿವ್ರಾಜಕ ಬಂದು, ಮನುಷ್ಯ ಅನುಭವಿಸುವುದೆಲ್ಲ ಹಿಂದಿನ ಕರ್ಮದ ಫಲವೆಂದು ಕೆಲವರು ಹೇಳುತ್ತಾರಲ್ಲ ಎಂದು ಕೇಳುತ್ತಾನೆ. ಹಾಗೆ ಹೇಳುವುದು ತಪ್ಪು ಎಂದು ಬುದ್ಧ ಅನುಭವಗಳ ಎಂಟು ಕಾರಣಗಳನ್ನು ಪಟ್ಟಿ ಮಾಡುತ್ತಾನೆ. ಪಿತ್ತ, ಕಫ, ವಾತ, ಮೂರರ ಕೂಟ, ಋತುವಿನ ಬದಲಾವಣೆ, ಮೈಮೇಲೆ ಎಚ್ಚರವಿಲ್ಲದ ನಡವಳಿಕೆ, ಹೊರಗಿನ ಪೆಟ್ಟು; ಕರ್ಮಕ್ಕೆ ಸಿಗುವುದು ಎಂಟನೆಯ ಜಾಗ. ಇದನ್ನು ಯಾರು ಬೇಕಾದರೂ ಸ್ವಂತ ಅನುಭವದಿಂದ ತಿಳಿಯಬಹುದು, ಲೋಕವೂ ಇದನ್ನು ಒಪ್ಪುತ್ತದೆ ಎಂದೂ ಸೇರಿಸುತ್ತಾನೆ. ಎರಡು ಸಾವಿರ ವರ್ಷ ದಾಟಿದರೂ ನೆರೆಮನೆಯ ರೋಗಿಯ ಬಗ್ಗೆ ‘ಏನು ಪಾಪ ಮಾಡಿದ್ದನೋ’ ಎನ್ನುವ ಬಾಯಿಗೆ ಆ ಪಟ್ಟಿ ತಲುಪಿಲ್ಲ.

ವಿಚಿತ್ರವೆಂದರೆ ಈ ವಿಷಯದಲ್ಲಿ ಶೀತಲೆಯ ಭಕ್ತರು ಪಂಡಿತರಿಗಿಂತ ಮೃದು. ಪೂಜೆ ತಪ್ಪಿಸಿದ ರಾಜನ ಮೇಲೆ ಮುನಿದ ಕತೆಗಳು ಅವಳ ಬಗ್ಗೆಯೂ ಇವೆ. ಆದರೂ ಸಾಮಾನ್ಯರ ಮನೆಯಲ್ಲಿ ಗುಳ್ಳೆ ಎದ್ದ ಮಗು ಅಪರಾಧಿಯಲ್ಲ, ದೇವಿ ಬಂದಿಳಿದ ಜಾಗ. ಅದರ ಮುಂದೆ ದನಿ ಏರಿಸುವಂತಿಲ್ಲ, ಅದು ಕೇಳಿದ್ದನ್ನು ಕೊಡಬೇಕು, ಬೇವಿನ ಸೊಪ್ಪಿನಿಂದ ಗಾಳಿ ಹಾಕಬೇಕು. ಬಂಗಾಳ, ಬಿಹಾರಗಳ ಟೀಕಾದಾರರು ಹಿಂದಿನ ವರ್ಷದ ಗುಳ್ಳೆಯ ಕೀವನ್ನು ಆರೋಗ್ಯವಂತ ಮಕ್ಕಳ ತೋಳಿಗೆ ಗೀರಿ ಹಚ್ಚುತ್ತಿದ್ದುದೂ ಇದೇ ದೇವಿಯ ಪೂಜೆಯೊಂದಿಗೆ. 1767ರಲ್ಲಿ ಹಾಲ್‌ವೆಲ್ ಎಂಬ ಇಂಗ್ಲಿಷ್ ವೈದ್ಯ ಆ ಪದ್ಧತಿಯನ್ನು ಲಂಡನ್ನಿನ ವೈದ್ಯರಿಗೆ ವಿವರವಾಗಿ ಬರೆದು ತಿಳಿಸಿದ. ಭಕ್ತಿ ಮತ್ತು ಚುಚ್ಚುವ ಸೂಜಿ ಒಂದೇ ಪಡಸಾಲೆಯಲ್ಲಿ ಕೂತಿದ್ದವು.

ಎರಡು ಶತಮಾನದ ಮೇಲೆ ಅವು ದೆಹಲಿಯಲ್ಲಿ ಮತ್ತೆ ಕೂತವು. ನೈನಿತಾಲ್ ಬಳಿಯ ಕೈಂಚಿಯಲ್ಲಿ ನೀಮ್ ಕರೋಲಿ ಬಾಬಾರ ಆಶ್ರಮದಲ್ಲಿದ್ದ ಲ್ಯಾರಿ ಬ್ರಿಲಿಯಂಟ್ ಎಂಬ ಅಮೆರಿಕನ್ ತರುಣ ವೈದ್ಯನನ್ನು ಗುರು ಪದೇ ಪದೇ ದೆಹಲಿಗೆ ಅಟ್ಟಿದರು. ಹೋಗು, ವಿಶ್ವ ಆರೋಗ್ಯ ಸಂಸ್ಥೆ ಸೇರು, ಸಿಡುಬು ಹೋಗುತ್ತದೆ. ಇಂದ್ರಪ್ರಸ್ಥ ಎಸ್ಟೇಟಿನ ಕಚೇರಿಯಲ್ಲಿ ಗಡ್ಡಧಾರಿಯನ್ನು ಮೊದಲು ವಾಪಸು ಕಳಿಸಿದರು. ಅವನು ಮತ್ತೆ ಮತ್ತೆ ಬಂದ. ಕೊನೆಗೆ ಅಲ್ಲಿನ ಸಿಡುಬು ವಿಭಾಗದ ಮುಖ್ಯಸ್ಥೆ ನಿಕೋಲ್ ಗ್ರಾಸೆ ಕೆಲಸ ಕೊಟ್ಟರು. 1974ರಲ್ಲಿ ಭಾರತದಲ್ಲಿ ಸುಮಾರು 1,88,000 ಸಿಡುಬು ಪ್ರಕರಣ, 31,000ಕ್ಕೂ ಹೆಚ್ಚು ಸಾವು. ಆರೋಗ್ಯ ಕಾರ್ಯಕರ್ತರು ಗುಳ್ಳೆ ತುಂಬಿದ ಮಗುವಿನ ಚಿತ್ರವಿದ್ದ ಕಾರ್ಡು ಹಿಡಿದು ಮನೆ ಮನೆ ಹತ್ತಿಳಿದರು. ಇಂಥದ್ದು ಎಲ್ಲಾದರೂ ಕಂಡಿರಾ ಎಂದು ಸಂತೆಯಲ್ಲಿ, ಶಾಲೆಯಲ್ಲಿ ಕೇಳಿದರು. ಸುದ್ದಿ ಕೊಟ್ಟವರಿಗೆ ಬಹುಮಾನ ಏರುತ್ತಾ 1,000 ರೂಪಾಯಿ ಮುಟ್ಟಿತು. ಲಸಿಕೆ ತಯಾರಾಗುತ್ತಿದ್ದ ಕೇಂದ್ರಗಳಲ್ಲಿ ನಮ್ಮ ಬೆಳಗಾವಿಯೂ ಒಂದು. ಊರಿನವರು ಆ ಜಾಗವನ್ನು ಇಂದಿಗೂ ವ್ಯಾಕ್ಸಿನ್ ಡಿಪೋ ಎಂದೇ ಕರೆಯುತ್ತಾರೆ. 1975ರ ಮೇ ತಿಂಗಳಲ್ಲಿ ದೇಶದ ಕೊನೆಯ ಪ್ರಕರಣಗಳು ಮುಗಿದವು, 1977ರ ಏಪ್ರಿಲ್‌ನಲ್ಲಿ ಭಾರತ ಸಿಡುಬುಮುಕ್ತವೆಂಬ ಪ್ರಮಾಣಪತ್ರ ಸಿಕ್ಕಿತು. ಇಡೀ ಜಗತ್ತಿನ ಪ್ರಮಾಣಪತ್ರ ಬರೆದ ಆಯೋಗದ ಅಧ್ಯಕ್ಷರು ಯಾರು? ಇಲಿಯ ಸಿಡುಬಿನ ಅದೇ ಫ್ರಾಂಕ್ ಫೆನರ್. 1980ರ ಮೇ 8ರಂದು ಜಿನೀವಾದಲ್ಲಿ ಅದನ್ನು ಘೋಷಿಸುವಾಗ ಅವರ ಬೆನ್ನ ಹಿಂದೆ ಎಷ್ಟು ಬಿಳಿ ಇಲಿಗಳ ಋಣವಿತ್ತೋ.

ಆ ಋಣದ ಮಾತು ದೆಹಲಿಯಲ್ಲಿ ತಪ್ಪಿಸಿಕೊಳ್ಳಲಾಗದ್ದು. ಕೆಂಪುಕೋಟೆಯ ಎದುರಿನ ಜೈನ ಲಾಲ್ ಮಂದಿರದ ಅಂಗಳದಲ್ಲಿ ಹಕ್ಕಿಗಳ ಧರ್ಮಾಸ್ಪತ್ರೆಯಿದೆ. ಗಾಳಿಪಟದ ಮಾಂಜಾ ತಗುಲಿ ರೆಕ್ಕೆ ಸೀಳಿದ ಪಾರಿವಾಳಗಳನ್ನು ಅಲ್ಲಿ ವಾರ್ಡಿನಲ್ಲಿಟ್ಟು ಸಾಕುತ್ತಾರೆ. ಹದ್ದು, ಗಿಡುಗಗಳಂಥ ಮಾಂಸಾಹಾರಿಗಳಿಗೆ ಹೊರರೋಗಿಯ ಚಿಕಿತ್ಸೆ ಮಾತ್ರ. ಅದೇ ಊರಿನ ದಕ್ಷಿಣ ಭಾಗದಲ್ಲಿ, ಜೆಎನ್‌ಯು ಆವರಣಕ್ಕೆ ತಾಗಿ, 1981ರಲ್ಲಿ ಶುರುವಾದ ರಾಷ್ಟ್ರೀಯ ಪ್ರತಿರಕ್ಷಾ ವಿಜ್ಞಾನ ಸಂಸ್ಥೆಯಿದೆ. ರೋಗನಿರೋಧಕ ಶಕ್ತಿಯನ್ನು ಅರಿಯುವ ಅಲ್ಲಿನ ಕೆಲಸ ಇಲಿಗಳಿಲ್ಲದೆ ನಡೆಯುವುದಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾನೂನಿನಡಿ ಇಂಥ ಪ್ರಯೋಗಕ್ಕೆ ಸಮಿತಿಯ ಒಪ್ಪಿಗೆ ಬೇಕು, ಎಷ್ಟು ಪ್ರಾಣಿ, ಯಾಕೆ ಅಷ್ಟು ಎಂದು ಲೆಕ್ಕ ಕೊಡಬೇಕು. ಕಾನೂನು ಲೆಕ್ಕ ಕೇಳುತ್ತದೆ, ಕ್ಷಮೆ ಕೊಡುವುದಿಲ್ಲ. ಗಣಪತಿಯ ವಾಹನವನ್ನು ಕೊಂದು ಮನುಷ್ಯನ ಮಗುವನ್ನು ಉಳಿಸುವುದು ಧರ್ಮವೇ ಎಂಬುದಕ್ಕೆ ಲಾಲ್ ಮಂದಿರದ ಉತ್ತರ ಒಂದು, ಆಸ್ಪತ್ರೆಯ ಹೊರಗೆ ಕಾದ ತಾಯಿಯದು ಇನ್ನೊಂದು. ಎರಡನ್ನೂ ಒಪ್ಪಿಕೊಂಡೇ ಬದುಕುವ ಊರು ಇದು. ಹಿಂಸೆ ಹಿಂಸೆಯೇ ಎಂದು ಒಪ್ಪಿಕೊಂಡು ಸಂಖ್ಯೆ ಇಳಿಸುವುದು, ಅದನ್ನು ಸೇವೆ ಎಂದು ಹೊಗಳಿಕೊಳ್ಳುವುದಕ್ಕಿಂತ ಪ್ರಾಮಾಣಿಕ.

ಸಿಡುಬು ಹೋದರೂ ಅದರ ದಾಯಾದಿ ಉಳಿದಿತ್ತು. 2022ರ ಜುಲೈ 24ರಂದು ದೆಹಲಿಯಲ್ಲಿ ಮೊದಲ ಮಂಕಿಪಾಕ್ಸ್ ರೋಗಿ ಪತ್ತೆಯಾದ. 34 ವರ್ಷ, ವಿದೇಶಕ್ಕೆ ಹೋದವನಲ್ಲ. ಲೋಕನಾಯಕ ಆಸ್ಪತ್ರೆಯ ಪ್ರತ್ಯೇಕ ವಾರ್ಡಿನಲ್ಲಿ ಅವನಿಗೆ ಚಿಕಿತ್ಸೆ ನಡೆಯುತ್ತಿದ್ದಾಗ ಹೊರಗೆ ಜನರಿಗೆ ಅವನ ಗುಳ್ಳೆಗಳಿಗಿಂತ ಅವನ ನಡತೆಯ ಮೇಲೆ ಹೆಚ್ಚು ಕುತೂಹಲವಿತ್ತು. ಯಾವ ಪಾರ್ಟಿಗೆ ಹೋಗಿದ್ದ, ಯಾರ ಜೊತೆ ಇದ್ದ. ಸಂಪರ್ಕಕ್ಕೆ ಬಂದವರನ್ನು ಹುಡುಕಲು ವೈದ್ಯರಿಗೆ ಆ ಮಾಹಿತಿ ಬೇಕಿತ್ತು. ಉಳಿದವರಿಗೆ ಬೇಕಾಗಿದ್ದುದು ಪಾಪದ ಪುರಾವೆ, ಅಷ್ಟೇ. ಶೀತಲೆಯ ಪಡಸಾಲೆಯಲ್ಲಿ ಮಲಗಿದ್ದ ಮಗುವಿಗೆ ಸಿಗುತ್ತಿದ್ದ ಮರ್ಯಾದೆ ಈ ಯುವಕನಿಗೆ ಸಿಗಲಿಲ್ಲ.

ಗುರುಗ್ರಾಮಕ್ಕೆ ಹೋಗುವವರು ಹೋಗಲಿ. ಚೌಲ ಮಾಡಿಸಲಿ, ತಣ್ಣನೆಯ ಅನ್ನ ಉಣ್ಣಲಿ, ಜೊತೆಗೆ ಮಗುವಿನ ಲಸಿಕೆಯ ಕಾರ್ಡಿನಲ್ಲಿ ದಡಾರದ ಎರಡೂ ಡೋಸು ತುಂಬಿದೆಯೇ ನೋಡಿಕೊಳ್ಳಲಿ. ಕಾಯಿಲೆ ಬಿದ್ದವನ ಮನೆಗೆ ಹೋದಾಗ ಮಾತ್ರ ಅವನು ಮಾಡಿದ್ದೇನು ಎಂಬ ಪ್ರಶ್ನೆಯನ್ನು ದಯವಿಟ್ಟು ಬಾಗಿಲಾಚೆಯೇ ಬಿಟ್ಟು ಒಳಗೆ ಬನ್ನಿ. ದೆಹಲಿಯ ಆ ಯುವಕ ಗುಣವಾಗಿ ಆಗಸ್ಟ್ ಮೊದಲ ವಾರದಲ್ಲಿ ಮನೆಗೆ ಹೋದ.